ಸೀನಿನ ಡಾಕ್ಟರ ಹುಲ್ಲಿನ ಪುಡಿ

ಹುಲ್ಲಿನ ಸಹವಾಸಕ್ಕೆ ಬಿದ್ದವನನ್ನು ಲೋಕ ದನಕ್ಕಿಂತ ಮೇಲೆ ಎಣಿಸುವುದಿಲ್ಲ. ಇದು ಚನ್ನಗಿರಿಯಲ್ಲಿ ಕಾಂಪೌಂಡರನಾಗಿದ್ದಾಗ ನನಗೆ ಮೇಲಿಂದ ಮೇಲೆ ಗೊತ್ತಾಗುತ್ತಲೇ ಇತ್ತು. ಆಗ ಯುದ್ಧದ ಕಾಲ. ನಮ್ಮ ಡಾಕ್ಟರು ಮದರಾಸಿನಲ್ಲಿ ಓದಿ ಬಂದವರು. ಹುಲ್ಲು ಹೂಬಿಟ್ಟಾಗ ಗಾಳಿಯಲ್ಲಿ ಹಾರುವ ಹಳದಿ ಪುಡಿ ಇದೆಯಲ್ಲ, ಅದರೊಳಗಿನ ಪ್ರೋಟೀನು ಕೆಲವರ ಮೂಗಿಗೆ ಆಗಿಬರುವುದಿಲ್ಲ. ಅಂಥವರು ಸೀನಿ ಸೀನಿ ಸುಸ್ತಾಗುತ್ತಾರೆ. ಅದೇ ಪ್ರೋಟೀನನ್ನು ಉಪ್ಪುನೀರಿಗೆ ಇಳಿಸಿ, ಮೊದಲು ತೀರ ತೆಳ್ಳಗೆ, ಆಮೇಲೆ ಸ್ವಲ್ಪ ಸ್ವಲ್ಪ ಗಟ್ಟಿ ಮಾಡುತ್ತ ಸೂಜಿಯಲ್ಲಿ ಕೊಟ್ಟರೆ ಮೂಗು ಒಗ್ಗಿಕೊಳ್ಳುತ್ತದೆ ಎಂಬುದು ಅವರ ವಾದ.

ಈ ಕೆಲಸಕ್ಕೆಂದು ಮೇಲಿನವರು ಅವರಿಗೆ ಒಂದು ಕೋಣೆ ಕೊಟ್ಟಿದ್ದರು, ಜೊತೆಗೊಂದು ಷರತ್ತನ್ನೂ ಹಾಕಿದ್ದರು. ಬರುವ ವರ್ಷದ ದೀಪಾವಳಿಯೊಳಗೆ ವಾಸಿಯಾದ ಒಬ್ಬನೇ ಒಬ್ಬ ರೋಗಿಯನ್ನು ತೋರಿಸಬೇಕು, ಇಲ್ಲವಾದರೆ ಕೆಲಸ ಬಂದ್. ಬಂದ್ ಆದರೆ ಡಾಕ್ಟರ ಸಂಶೋಧನೆ ಹೋಗುತ್ತಿತ್ತು, ನನ್ನ ಸಂಬಳವೂ ಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಎರಡನೆಯದರ ಚಿಂತೆಯೇ ಹೆಚ್ಚು.

ಪುಡಿ ನಿಮಗೆ, ಹುಲ್ಲು ನಮಗೆ

ಪುಡಿ ತರುವ ಕೆಲಸ ನನ್ನದು. ಜಗಳೂರಿನ ಕಡೆ ಒಂದು ಹೊಲದ ಬದುವಿನಲ್ಲಿ ಹುಲ್ಲಿನ ತೆನೆ ಬಗ್ಗಿಸಿ ಕಾಗದದ ಮೇಲೆ ಕೊಡವುತ್ತಿದ್ದೆ. ಹೊಲದ ಗೌಡರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ ಮಾಡಾಕತ್ತೀರಿ?"

"ಹುಲ್ಲಿನ ಹೂವಿನ ಪುಡಿ ತಗೋತಿದೀನಿ ಗೌಡ್ರೇ, ಔಷಧಿಗೆ."

"ಹುಲ್ಲು ಬ್ಯಾಡೇನು?"

"ಹುಲ್ಲು ಬೇಡ."

ಗೌಡರು ಗಡ್ಡ ಕೆರೆದುಕೊಂಡರು. "ನಿಂತ ಹುಲ್ಲು ಕೊಡವಿದ್ರೆ ಅರ್ಧ ಪುಡಿ ಗಾಳಿಗೆ ಹೋಗ್ತೈತೆ ನೋಡ್ರಿ. ಕೊಯ್ದು ಕೊಡವ್ರಿ, ಒಂದ್ ಚೂರೂ ಹಾಳಾಗಾಕಿಲ್ಲ" ಎಂದು ತಾವೇ ಕುಡುಗೋಲು ತಂದುಕೊಟ್ಟರು. ಎಂಥ ಉಪಕಾರಿ ಮನುಷ್ಯ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಇಡೀ ಬದು ಕೊಯ್ದು, ಹೊರೆ ಕಟ್ಟಿ, ಅವರ ಎತ್ತುಗಳ ಮುಂದೆ ಹಾಕಿ ಬಂದಿದ್ದೆ. ನನ್ನ ಪಾಲಿಗೆ ಬಂದ ಪುಡಿ ಒಂದು ಚಿಟಿಕೆ ನಶ್ಯದಷ್ಟು.

ಮರುದಿನ ಬೆಳಿಗ್ಗೆ ನಾನಿಳಿದುಕೊಂಡಿದ್ದ ಛತ್ರದ ಮುಂದೆ ಹತ್ತಾರು ಜನ ಕಾದಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕುಡುಗೋಲು. ಮುಂದಿದ್ದವನು ಕೈಮುಗಿದು ಹೇಳಿದ: "ಸ್ವಾಮೇರಾ, ನಮ್ಮ ಹೊಲ್ದಾಗೂ ಭಾಳ ಪುಡಿ ಐತೆ."

ಕಡ್ಲೆಹಿಟ್ಟಿನ ಕೇಸು

ಹೇಗೋ ಡಬ್ಬಿ ತುಂಬಿಸಿಕೊಂಡು, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದೆ. ಆಗ ಕಾಳುಕಡಿ, ಹಿಟ್ಟು ಯಾವುದನ್ನೂ ಊರಿಂದೂರಿಗೆ ಒಯ್ಯುವ ಹಾಗಿರಲಿಲ್ಲ. ಚನ್ನಗಿರಿ ಇನ್ನೂ ದೂರವಿರುವಾಗಲೇ ಬಸ್ಸು ನಿಲ್ಲಿಸಿ ತಪಾಸಣೆ ಶುರುವಾಯಿತು. ಇನ್‌ಸ್ಪೆಕ್ಟರು ನನ್ನ ಡಬ್ಬಿಯ ಮುಚ್ಚಳ ತೆಗೆದರು.

"ಕಡ್ಲೆಹಿಟ್ಟು."

"ಅಲ್ಲ ಸ್ವಾಮಿ, ಹುಲ್ಲಿಂದ ತೆಗೆದಿದ್ದು."

"ಹುಲ್ಲಿಂದ ಹಿಟ್ಟು! ಯಾರ್ ಕಿವಿಗೆ ಹೂ ಇಡ್ತೀರಿ?" ಎಂದು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಮುಖ ಕಿವಿಚಿ ಉಗಿದರು. ಬಸ್ಸಿಗೆ ಬಸ್ಸೇ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿತ್ತು. ಇನ್ನೇನು ಠಾಣೆಗೆ ನಡಿ ಅನ್ನುತ್ತಾರೆ ಎಂದುಕೊಂಡೆ.

ಅವರು ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಆಚೀಚೆ ನೋಡಿ, ದನಿ ತಗ್ಗಿಸಿದರು. "ರುಚಿ ಇಲ್ದಿದ್ರೂ ಚಿಂತಿಲ್ಲ. ಹುಲ್ಲಿಂದ ಹಿಟ್ಟು ತೆಗೆಯಾಕೆ ಬರ್ತೈತೆ ಅಂದ್ರೆ ನಂಗೂ ಒಂಚೂರು ಹೇಳಿಕೊಡ್ರಿ. ಮನ್ಯಾಗೆ ರೇಷನ್ ಮುಗಿದು ವಾರ ಆತು."

ಗರಿಕೆಯ ಮಹಿಮೆ

ಪುಡಿ ಬಂತು, ಔಷಧಿಯೂ ಆಯಿತು. ರೋಗಿ ಮಾತ್ರ ಬರಲಿಲ್ಲ. ಸೀನುವುದೂ ಒಂದು ಕಾಯಿಲೆಯೇ ಎಂದು ಜನ ನಗುತ್ತಿದ್ದರು. ಡಾಕ್ಟರಿಗೆ ನ್ಯಾಮತಿಯ ಅರ್ಚಕರೊಬ್ಬರ ಸುದ್ದಿ ಸಿಕ್ಕಿತು. ಪೂಜೆಗೆ ಕೂತರೆ ಮಂತ್ರಕ್ಕಿಂತ ಸೀನೇ ಜಾಸ್ತಿಯಂತೆ. ಇಬ್ಬರೂ ಹೋದೆವು. ಅರ್ಚಕರ ಮುಂದೆ ಗಣಪತಿಗೆ ಏರಿಸಲು ಹೂಬಿಟ್ಟ ಗರಿಕೆ ರಾಶಿ ಬಿದ್ದಿತ್ತು. ಡಾಕ್ಟರ ಮುಖ ಅರಳಿತು.

"ನೋಡಿ ಭಟ್ಟರೇ, ನಿಮ್ಮ ಸೀನಿಗೆ ಈ ಗರಿಕೆಯೇ ಕಾರಣ."

ಅರ್ಚಕರು ಕೆಂಡವಾದರು. "ಗಣಪತಿಗೆ ಪ್ರಿಯವಾದ ಗರಿಕೆಗೆ ದೋಷ ಹಚ್ತೀರಾ? ನಿಮ್ಮ ನಾಲಿಗೆಗೆ..." ಎನ್ನುತ್ತ ಕೋಪದಲ್ಲಿ ಒಂದು ಹಿಡಿ ಗರಿಕೆ ಎತ್ತಿ ನಮ್ಮ ಮುಂದೆ ಆಡಿಸಿದರು. ಶಾಪ ಮುಗಿಯಲಿಲ್ಲ. ಒಂದರ ಹಿಂದೊಂದು ಸೀನು, ಜನಿವಾರ ಜಾರುವಷ್ಟು.

"ಈಗೇನಂತೀರಿ?" ಎಂದರು ಡಾಕ್ಟರು.

ಅರ್ಚಕರು ಪಂಚೆಯ ಅಂಚಿನಲ್ಲಿ ಮೂಗೊರೆಸಿಕೊಂಡು ಗಂಭೀರವಾಗಿ ಹೇಳಿದರು: "ಇದು ಸೀನಲ್ರೀ. ಭಕ್ತಿ. ಕೆಲವರಿಗೆ ಕಣ್ಣಾಗೆ ಬರ್ತೈತೆ, ನಂಗೆ ಮೂಗಿನಾಗೆ ಬರ್ತೈತೆ."

ಎತ್ತಿನ ಸಾಹೇಬರು

ಕೊನೆಗೂ ತಾವಾಗಿಯೇ ಒಬ್ಬರು ಬಂದರು. ಹೊನ್ನಾಳಿ ಸಂತೆಯ ಎತ್ತಿನ ದಲ್ಲಾಳಿ ಸಾಹೇಬರು. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಚುಕಿ ರೇಟು ಕುದುರಿಸುವುದರಲ್ಲಿ ಪಳಗಿದವರು. ಹುಲ್ಲು ಹೂಬಿಟ್ಟ ಕಾಲದಲ್ಲಿ ಮಾತ್ರ, ಸರಿಯಾಗಿ ವ್ಯಾಪಾರ ಕುದುರುವ ಗಳಿಗೆಗೆ ಅವರಿಗೆ ಒಂದು ಸೀನು ಬರುತ್ತಿತ್ತು. ಕೊಳ್ಳುವವನೂ ಮಾರುವವನೂ ಬೆಂಕಿ ಮುಟ್ಟಿದವರ ಹಾಗೆ ಕೈ ಎಳೆದುಕೊಳ್ಳುತ್ತಿದ್ದರು.

"ಸೀನಿಗೂ ಎತ್ತಿಗೂ ಏನ್ರೀ ಸಂಬಂಧ? ಶುದ್ಧ ಮೂಢನಂಬಿಕೆ!" ಡಾಕ್ಟರು ಮೇಜು ಗುದ್ದಿದರು.

"ನಂಗೇನ್ ನಂಬಿಕೆ ಇಲ್ಲ ಸಾಬ್" ಎಂದರು ಸಾಹೇಬರು. "ನಂಬಾದು ಎತ್ತಿನೋರು, ಉಪವಾಸ ಬೀಳಾದು ನಾನು."

ಬೇಸಿಗೆಯಿಡೀ ವಾರವಾರ ಬಂದು ತೋಳು ಒಡ್ಡಿದರು. ತೋಳು ಊದಿಕೊಂಡರೂ ಒಂದು ವಾರ ತಪ್ಪಿಸಲಿಲ್ಲ. ಅವರ ಹೊಟ್ಟೆ, ಡಾಕ್ಟರ ಮಾನ, ನನ್ನ ಸಂಬಳ ಮೂರೂ ಈಗ ಆ ಒಂದು ಮೂಗಿನ ಮೇಲೆ ನಿಂತಿದ್ದವು.

ದೊಡ್ಡ ಡಾಕ್ಟರು ಬಂದ ದಿನ

ದೀಪಾವಳಿ ಹತ್ತಿರವಾದಾಗ ಮೇಲಿನವರು ಕಳಿಸಿದ ದೊಡ್ಡ ಡಾಕ್ಟರು ಬೆಂಗಳೂರಿನಿಂದ ಪರೀಕ್ಷೆಗೆ ಬಂದರು. ವಿಲಾಯತಿಯಲ್ಲಿ ಕಲಿತವರು, ಸೂಟು, ಬೂಟು. ಸಂತೆಯ ಕತೆ ಕೇಳಿ ಬಿದ್ದು ಬಿದ್ದು ನಕ್ಕರು. "ಈ ಕಾಲದಲ್ಲೂ ಸೀನಿಗೆ ಹೆದರೋ ಜನ ಇದ್ದಾರೆಯೇ!"

ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿದರು. ಸಂತೆಯ ಎತ್ತಿನವರೆಲ್ಲ ಬಾಗಿಲಲ್ಲಿ ಮುತ್ತಿಕೊಂಡಿದ್ದರು. ನಾನು ತಟ್ಟೆಯಲ್ಲಿ ಪುಡಿ ಹಿಡಿದು ಸಾಹೇಬರ ಮೂಗಿನ ಕಡೆ ಬೀಸಣಿಗೆಯಿಂದ ಬೀಸಿದೆ. ಒಂದು ಸಲ. ಎರಡು ಸಲ. ಸಾಹೇಬರು ಕಲ್ಲಿನ ಬಸವನ ಹಾಗೆ ಕೂತಿದ್ದರು. ಸೀನಿಲ್ಲ! ಎತ್ತಿನವರು ಹೋ ಎಂದರು. ನನಗೆ ಕಣ್ಣಲ್ಲಿ ನೀರೇ ಬಂತು.

"ಭೇಷ್!" ಎಂದು ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, ಕೆಲಸ ಮುಂದುವರಿಸಲು ಅಪ್ಪಣೆಯ ಕಾಗದದ ಮೇಲೆ ಇನ್ನೇನು ಸಹಿ ಹಾಕಬೇಕು...

"ಆಕ್ಷೀ!"

ಸೀನಿದವರು ದೊಡ್ಡ ಡಾಕ್ಟರೇ. ಒಂದೇ ಒಂದು.

ಅವರು ಪೆನ್ನು ನೋಡಿದರು, ಕಾಗದ ನೋಡಿದರು, ಮೆಲ್ಲಗೆ ಮುಚ್ಚಳ ಹಾಕಿದರು. "ಒಂದು ಲೋಟ ನೀರು ಕೊಡಿ. ಸಹಿ... ಇವತ್ತು ಬೇಡ ಅನ್ನಿಸುತ್ತೆ. ದೀಪಾವಳಿ ಕಳೀಲಿ, ನೋಡೋಣ."

ದೀಪಾವಳಿ ಕಳೆದರೆ ನಾವೇ ಇರುವುದಿಲ್ಲ! ಆಗ ಕುರ್ಚಿಯಿಂದ ಸಾಹೇಬರು ವಿನಯವಾಗಿ ಹೇಳಿದರು: "ಸಾಬ್, ಒಂಟಿ ಸೀನು ಕೆಟ್ಟದ್ದು. ಇನ್ನೊಂದು ಬಂದು ಜೋಡಿ ಆದ್ರೆ ಎಲ್ಲಾ ಸಾಫ್. ಸಂತ್ಯಾಗೆ ಹಂಗೇ ನಡೀತೈತೆ."

ಮೂಢನಂಬಿಕೆಗೆ ಮೇಜು ಗುದ್ದಿದ್ದ ನಮ್ಮ ಡಾಕ್ಟರು ಒಂದೇ ನೆಗೆತಕ್ಕೆ ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡರು. "ಸರ್, ಇದು ಜಗಳೂರಿನ ಪುಡಿ. ಸ್ವಲ್ಪ ಹತ್ತಿರದಿಂದ ನೋಡಬೇಕು" ಎಂದು ನೇರ ಅವರ ಮೂಗಿನ ಕೆಳಗೇ ಹಿಡಿದರು.

"ಆಕ್ಷೀ!"

"ಎರಡಾಯ್ತು ಸರ್, ಹಾಕಿ!"

ದೊಡ್ಡ ಡಾಕ್ಟರು ಗಡಿಬಿಡಿಯಲ್ಲಿ ಸಹಿ ಗೀಚಿದರು. ಗೀಚಿ ತಲೆಯೆತ್ತಿದವರ ಮೂಗು ಮತ್ತೆ ಅರಳಿತು, ಬಾಯಿ ತೆರೆಯಿತು. ಮೂರನೆಯದು ಹೊರಬೀಳುವ ಮೊದಲೇ ನಮ್ಮ ಡಾಕ್ಟರು ಕಾಗದ ಎಳೆದು ಜೇಬಿಗೆ ತುರುಕಿಕೊಂಡು ಹಿತ್ತಲ ಬಾಗಿಲಿಂದ ಓಡಿಬಿಟ್ಟರು.