ಗೋಡೆಗೆ ನೇತಾಡುವ ಸವತಿಯರು

ನನಗೆ ಸವತಿಯರಿದ್ದಾರೆ. ಗಾಬರಿಯಾಗಬೇಡಿ, ಎಲ್ಲರೂ ನಮ್ಮ ಮನೆಯಲ್ಲೇ ಇದ್ದಾರೆ, ಹಿತ್ತಲ ಗೋಡೆಗೆ ಸಾಲಾಗಿ ನೇತಾಡುತ್ತಿದ್ದಾರೆ! ನನ್ನ ಗಂಡನ ಕೊಡಲಿಗಳ ಮಾತು ಹೇಳುತ್ತಿದ್ದೇನೆ. ರಾಯಚೂರಿನಲ್ಲಿ ಮನೆ, ಅಡುಗೆಗೆ ಗ್ಯಾಸು, ಸ್ನಾನಕ್ಕೆ ಗೀಜರು. ಗಿಲ್ಲೆಸುಗೂರಿನ ಹತ್ತಿರ ಒಂದು ತುಂಡು ಹೊಲ, ಅದರ ಬದುವಿಗೆ ಬಳ್ಳಾರಿ ಜಾಲಿ. ಅಷ್ಟಕ್ಕೆ ಇಷ್ಟು ಕೊಡಲಿ ಯಾಕೆ ಅಂದರೆ ಉತ್ತರ ಸಿದ್ಧ: "ಎಲ್ಲಾ ಕೆಲಸಕ್ಕೂ ಒಂದಾ ಕೊಡ್ಲಿ ಅಂದ್ರ, ಎಲ್ಲಾ ಜಡ್ಡಿಗೂ ಒಂದಾ ಗುಳಗಿ ಅಂದಂಗ!"

ಅವರು ಕೊಡಲಿ ಕೊಳ್ಳುವುದನ್ನು ನೀವು ನೋಡಬೇಕು. ಕಾವನ್ನು, ಎಂದರೆ ಮರದ ಹಿಡಿಯನ್ನು, ಕಂಕುಳಿಗೆ ಹಚ್ಚಿ, ಕೈ ಚಾಚಿ ಅಳೆಯುತ್ತಾರೆ. ಆಮೇಲೆ ಬೆರಳ ಮೇಲೆ ಅಡ್ಡ ಇಟ್ಟು ತೂಗುತ್ತಾರೆ. ಕೊಂಬೆ ಸವರಲು ಹಗುರಾದದ್ದು, ಒಣ ಬೊಡ್ಡೆ ಸೀಳಲು ಭಾರದ್ದು, ಅದಕ್ಕೆ ಕಾವೂ ಉದ್ದ ಬೇಕು. "ಭಾರ ಹೆಚ್ಚಾದ್ರ ರಟ್ಟಿ ಸೋಲ್ತದ, ಕಮ್ಮಿ ಆದ್ರ ಕೊಡ್ಲಿ ಕೆಲಸಾ ನಾವಾ ಮಾಡಬೇಕು" ಎನ್ನುತ್ತ ಕಣ್ಣುಮುಚ್ಚಿ ನಿಂತುಬಿಡುತ್ತಾರೆ. ಅಂಗಡಿಯ ಸಾಹೇಬರು ಬೇಸತ್ತು, "ಕೊಡ್ಲಿ ಒಯ್ತೀರೋ, ನಿಖಾ ಮಾಡ್ಕೋತೀರೋ?" ಎಂದು ಕೇಳಿದ್ದೂ ಉಂಟು.

ಅದೇ ಮನುಷ್ಯ ಸೀರೆ ಅಂಗಡಿಗೆ ಬಂದರೆ? ಬಾಗಿಲಲ್ಲೇ ನಿಂತು, ನಾನು ಏನು ಎತ್ತಿ ತೋರಿಸಿದರೂ "ಅದಾ ಛಂದ ಅದ, ತಗೋ" ಎನ್ನುತ್ತಾರೆ. ಒಮ್ಮೆ ಅಂಗಡಿಯವನ ಟವೆಲ್ಲನ್ನೇ ಎತ್ತಿ ತೋರಿಸಿದೆ. ಅದೂ ಛಂದವೇ ಇತ್ತಂತೆ!

ಪಕ್ಕದ ಮನೆಯ ಮೇಷ್ಟ್ರು ಮೈಸೂರಿನ ಕಡೆಯವರು. ಕೊಂಬೆಯೊಂದು ಕರೆಂಟಿನ ತಂತಿಗೆ ತಾಗುತ್ತಿದೆ, ಕೊಡಲಿ ಕೊಡಿ ಎಂದು ಬಂದರು.

"ಯಾ ಗಿಡಾರಿ? ಹಸೀದೋ, ಒಣಗಿದ್ದೋ?"

"ಗಿಡ ಅಲ್ಲ ಸಾರ್, ಮರ."

"ಅದಾರಿ, ಗಿಡಾ!"

ನಮ್ಮ ಕಡೆ ಮರವೂ ಗಿಡವೇ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಇವರು ಮೇಷ್ಟ್ರ ತೋಳು ಹಿಚುಕಿ ನೋಡಿ, ಎಲ್ಲಕ್ಕಿಂತ ಹಗುರಾದ ಕೊಡಲಿ ತಂದಿದ್ದರು. "ನಿಮ್ಮ ರಟ್ಟಿಗೆ ಇದಾ ಬೇಷ್ರಿ." ಮೇಷ್ಟ್ರು ಆಮೇಲೆ ಬಹಳ ದಿನ ತುಂಬುತೋಳಿನ ಅಂಗಿಯಲ್ಲೇ ಓಡಾಡಿದರು.

ನನಗೆ ಹೊಟ್ಟೆ ಉರಿಯದೆ ಇನ್ನೇನಾದೀತು? ಇವರು ದೇವದುರ್ಗದಿಂದ ಮಾನ್ವಿಗೆ ನನ್ನನ್ನು ನೋಡಲು ಬಂದ ದಿನ ತಟ್ಟೆಯ ಮಂಡಾಳು ಒಗ್ಗರಣೆ ಖಾಲಿಯಾಗುವವರೆಗೆ ತಲೆಯನ್ನೇ ಎತ್ತಲಿಲ್ಲ. ಅವರಪ್ಪ ಕೇಳಿದ ಕೂಡಲೆ "ಆತು" ಅಂದುಬಿಟ್ಟರು. ಅಷ್ಟೇ! ಕೊಡಲಿಗೆ ಇಷ್ಟೆಲ್ಲ ಪರೀಕ್ಷೆ, ನನಗೆ ಒಂದು ನೋಟವೂ ಇಲ್ಲವೇ? ಇವರು ನನ್ನನ್ನು ಆರಿಸಿಕೊಂಡರೋ, ಒಗ್ಗರಣೆಯ ಜೊತೆ ಸುಮ್ಮನೆ ಒಪ್ಪಿಕೊಂಡರೋ ಎಂಬುದೇ ನನ್ನ ಇಷ್ಟು ವರ್ಷದ ಸಂಕಟ.

ಸವತಿಯರಲ್ಲಿ ಒಬ್ಬಳು ಪಟ್ಟದರಾಣಿ. ಕೊಂಬೆಗೆ ಭಾರ, ಬೊಡ್ಡೆಗೆ ಹಗುರ, ಕಾವಂತೂ ಮೋಟು. ಯಾವ ಕೆಲಸಕ್ಕೂ ಬಾರದ ಆ ಕೊಡಲಿಗೇ ಹೆಚ್ಚಿನ ಎಣ್ಣೆ, ಹೆಚ್ಚಿನ ಉಪಚಾರ! ಮೊನ್ನೆ ಹಳೇ ಕಬ್ಬಿಣದವನು ಓಣಿಗೆ ಬಂದಾಗ ಅದನ್ನೇ ಇಳಿಸಿ ಅವನ ಗಾಡಿಗೆ ಹಾಕಿದೆ. ಇವರು ಬನಿಯನ್ನಿನಲ್ಲೇ ಓಡಿಬಂದು ಅದನ್ನು ಎದೆಗೆ ಅವಚಿಕೊಂಡರು.

"ಏನದ ಅದರಾಗ ಅಂಥಾದ್ದು? ತೂಕಿಲ್ಲ, ಅಳತಿಲ್ಲ!"

"ತೂಕಾ ಯಾರು ನೋಡಿದ್ರು?" ಎಂದರು ಇವರು, ಗಾಡಿಯವನಿಗೆ ಕೇಳಿಸದಂತೆ. "ಮದುವಿಗಿಂತ ಮೊದಲಾ ನಿಮ್ಮಪ್ಪನ ಮನಿ ಎದುರಿನ ಕುಲುಮ್ಯಾಗ ತಗೊಂಡದ್ದು. ಕಂಬಾರ ಕೈಯಾಗ ಇಟ್ಟಾಗ ನೀ ಅಂಗಳ ಕಸ ಹೊಡಿಯಾಕತ್ತಿದ್ದಿ. ಆಮ್ಯಾಗ ಭಾರ ಆತು, ಸವಿಸಿ ಕೊಡು ಅಂತ ಬಂದೆ. ಕಾವು ಉದ್ದ ಆತು, ಕೊಯ್ದು ಕೊಡು ಅಂತ ಬಂದೆ. ಬಂದು ಬಂದು ಅದು ಹಿಂಗಾತು. ನೀನಾ ಒಮ್ಮಿನೂ ತಲಿ ಎತ್ತಿ ನೋಡ್ಲಿಲ್ಲ. ಕನ್ಯಾ ನೋಡಾಕ ಬಂದ ದಿನ ನನಗ ಇನ್ನೇನು ನೋಡೂದು ಉಳಿದಿತ್ತು?"

"ದೇವದುರ್ಗದಾಗ ಕಂಬಾರ್ರು ಇದ್ದಿಲ್ಲೇನ್ರಿ?"

"ಇದ್ರು. ಅವರ ಮನಿ ಎದುರು ನೀ ಇದ್ದಿಲ್ಲ."

ಕಬ್ಬಿಣದವನು ಇನ್ನೂ ತಕ್ಕಡಿ ಹಿಡಿದು ನಿಂತಿದ್ದ. ನಾನು ಇವರ ಕೈಯಿಂದ ಕೊಡಲಿ ಇಸಿದುಕೊಂಡು, ಸೆರಗಿನಿಂದ ಅದರ ದೂಳು ಒರೆಸಿದೆ.