ಮಾವ ತೋರಿಸಿದ ಗುಡ್ಡ, ಗವಿ, ಹೊಳೆ

ನನ್ನ ಸೋದರಮಾವ ಆಯುಷ್ಯದಲ್ಲಿ ಒಂದೂ ಸುಳ್ಳು ಹೇಳಿದವನಲ್ಲ. ಆದರೆ ಅವನ ಮಾತಿನಲ್ಲಿ ನಿಜ ಹುಡುಕಲು ಹೋದವರು ಬರಿಗೈಯಲ್ಲಿ ತಿರುಗಿ ಬಂದಿದ್ದಾರೆ. ಇದು ಹೇಗೆ ಸಾಧ್ಯ ಎನ್ನುತ್ತೀರಾ? ಮಾವ ಇಲ್ಲದ್ದನ್ನು ಇದೆ ಎನ್ನುತ್ತಿರಲಿಲ್ಲ. ಇದ್ದದ್ದಕ್ಕೆ ಸ್ವಲ್ಪ ದೊಡ್ಡ ಹೆಸರು ಇಡುತ್ತಿದ್ದ, ಅಷ್ಟೆ. ಹಿತ್ತಲಿನ ಎರಡು ನಿಂಬೆ ಗಿಡ ಅವನ ಬಾಯಲ್ಲಿ ‘ತೋಟ’. ಮನೆ ಮುಂದಿನ ಕಟ್ಟೆ ‘ದಿವಾನಖಾನೆ’. ಹಾಲು ಕೊಡುವುದನ್ನು ಬಿಟ್ಟು ಎಷ್ಟೋ ದಿನವಾಗಿದ್ದ ಎಮ್ಮೆಯ ಬಗ್ಗೆ ಕೇಳಿದರೆ, “ಆಕಿ ಸದ್ಯಕ್ಕ ರಜಾದಾಗ ಅದಾಳ” ಎನ್ನುತ್ತಿದ್ದ.

ಮಾವ ಎಂದರೆ ನನ್ನ ಅವ್ವನ ತಮ್ಮ. ಬಬಲೇಶ್ವರದ ಹತ್ತಿರದ ಒಂದು ಹಳ್ಳಿಯಲ್ಲಿ, ಡೋಣಿ ಹೊಳೆಯ ದಂಡೆಗೆ, ಎರೆಹೊಲ ಮಾಡಿಕೊಂಡಿದ್ದ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆ. ನಾನು ಹುಟ್ಟುವ ಹೊತ್ತಿಗೇ ಅವನ ಲಗ್ನ ಆಗಿಹೋಗಿದ್ದರಿಂದ ನಾನು ಪಾರಾದೆ, ಅವನೂ ಪಾರಾದ. ಒಮ್ಮೆ ಅವನು ಬದಾಮಿಗೆ ಹೋಗಿದ್ದ. ಅಲ್ಲಿ ಗವಿ ತೋರಿಸುವ ಗೈಡ್ ಒಬ್ಬ ಕೈಯಲ್ಲಿ ಬೆತ್ತ ಹಿಡಿದು, ಮುಖ ಮಂದಿಯ ಕಡೆಗೆ ಮಾಡಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ವಿವರಿಸುವುದನ್ನು ಕಂಡವನೇ ಮರುಳಾಗಿಬಿಟ್ಟ. ಗವಿಯೊಳಗಿನ ಮೂರ್ತಿ ಒಂದೂ ಅವನ ನೆನಪಿನಲ್ಲಿ ಉಳಿಯಲಿಲ್ಲ, ಆ ನಡಿಗೆ ಮಾತ್ರ ಉಳಿಯಿತು. ಅಂದಿನಿಂದ ಮನೆಗೆ ಬಂದವರಿಗೆ ಬಚ್ಚಲು ತೋರಿಸುವಾಗಲೂ ಅವನು ಬೆತ್ತ ಹಿಡಿದು ಹಿಂದಕ್ಕೇ ನಡೆಯುತ್ತಿದ್ದ.

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿತ್ತು. ಅಪ್ಪನದು ಬಟ್ಟೆ ಅಂಗಡಿ. ನನ್ನನ್ನು ನೋಡಲು ಗೋಕಾಕದಿಂದ ಹುಡುಗ, ಅವನ ತಾಯಿ, ತಂದೆ ಮೂವರೂ ಬಂದರು. ಹುಡುಗ ಹೈಸ್ಕೂಲ್ ಮಾಸ್ತರ. ಚಹಾ ಕೊಡುವಾಗ ಬಸಿ ಜಾರಿ ಅರ್ಧ ಬಟ್ಟಲು ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಅವ್ವ ಎದೆ ಹಿಡಿದುಕೊಂಡಳು. ಹುಡುಗ ಮಾತ್ರ ತುಟಿ ಕಚ್ಚಿಕೊಂಡು, “ಇರ್ಲಿ ಬಿಡ್ರಿ, ಬಿಸಿ ಇದ್ದಿದ್ದಿಲ್ಲ” ಎಂದ. ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ಆಗಷ್ಟೇ ಇಳಿಸಿದವಳು ನಾನು. ನನಗೆ ಗೊತ್ತಿಲ್ಲವೇ? ಆ ಕ್ಷಣದಲ್ಲೇ ನನ್ನ ಮನಸ್ಸು ಅವನ ಕಡೆ ವಾಲಿತು. ಆಗಬೇಕಾದರೆ ಇವನನ್ನೇ ಎಂದು ಒಳಗೆ ಹೋಗಿ ದೇವರಿಗೆ ಹೇಳಿಟ್ಟೆ.

ಆದರೆ ಅವನ ತಾಯಿಯ ಮನಸ್ಸು ಎಲ್ಲಿಗೂ ವಾಲುವಂತಿರಲಿಲ್ಲ. ಸಂಜೆ ಅಪ್ಪ ಅವರನ್ನು ಗೋಳಗುಮ್ಮಟಕ್ಕೆ ಕರೆದೊಯ್ದ. ತಿರುಗಿ ಬಂದ ಆಕೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, “ನಿಮ್ಮ ಊರಾಗ ಎಲ್ಲಾ ಮನಷ್ಯಾರು ಕಟ್ಟಿದ್ದ ಐತಿ ನೋಡ್ರಿ. ದೇವರು ಕೊಟ್ಟದ್ದು ಏನೂ ಇಲ್ಲೇನು? ಗುಡ್ಡ ಇಲ್ಲ, ಗವಿ ಇಲ್ಲ, ಒಂದು ಹೊಳಿ ಇಲ್ಲ. ಇಂಥಾ ಬಯಲಾಗ ಮಂದಿ ಹೆಂಗ ಇರ್ತಾರೋ” ಎಂದರು. ಗುಡ್ಡವೂ ಹೊಳೆಯೂ ಫಾಲ್ಸೂ ಇರುವ ಗೋಕಾಕದವರ ಎದುರು ಏನು ಹೇಳುವುದು? ಅಪ್ಪ ಚಾವಣಿ ನೋಡಿದ. “ಊರಿಗೆ ಹೋಗಿ ತಿಳಸ್ತೀವಿ” ಎಂದು ಆಕೆ ಸೇರಿಸಿದರು. ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತು. ಬೇಡ ಎನ್ನುವುದನ್ನು ಮರ್ಯಾದಸ್ಥರು ಹೀಗೆ ಹೇಳುತ್ತಾರೆ.

ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಹಳ್ಳಿಯಿಂದ ಬಂದು ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ ಮಾವ ಆಗ ತಲೆ ಎತ್ತಿದ.

“ಯಾರು ಹೇಳ್ಯಾರ್ರಿ ಇಲ್ಲಂತ? ನಾಳೆ ಹೆಂಗೂ ಆಯಿತವಾರ, ಸಾಲಿಗೆ ಸೂಟಿ. ಒಂದು ದಿನ ನಿಂದರ್ರಿ. ಗುಡ್ಡ, ಗವಿ, ಹೊಳಿ ಮೂರೂ ತೋರಸ್ತೀನಿ. ಸಂಜೀಕ ಮನಿಗೆ ಬರೂಣು.”

“ಲೇ ತಮ್ಮಾ,” ಎಂದು ಅವ್ವ ಹಲ್ಲು ಕಚ್ಚಿ ಹೇಳಿದಳು. ಅಷ್ಟರಲ್ಲಿ ಹುಡುಗನ ತಂದೆ, “ನೋಡೇ ಬಿಡೂಣು, ಏನ ಹೋಗೂದೈತಿ” ಎಂದುಬಿಟ್ಟರು. ಬದಾಮಿ ಆಗ ನಮ್ಮ ಜಿಲ್ಲೆಯಲ್ಲೇ ಇತ್ತಲ್ಲ, ಅಲ್ಲಿಗೆ ಒಯ್ಯುತ್ತಾನೇನೋ ಎಂದು ಅಪ್ಪ ಸಮಾಧಾನ ಮಾಡಿಕೊಂಡ. ಹುಡುಗಿಯೂ ಬರಲಿ, ಹೇಗೆ ನಡೆಯುತ್ತಾಳೆ, ಹೇಗೆ ಉಣ್ಣುತ್ತಾಳೆ ನೋಡಿದಂತಾಗುತ್ತದೆ ಎಂದು ಹುಡುಗನ ತಾಯಿ ಎಣಿಸಿರಬೇಕು. ನನ್ನನ್ನೂ ಅವ್ವನನ್ನೂ ಕೂಡಿಸಿಕೊಂಡೇ ಹೊರಡುವುದೆಂದು ಠರಾಯಿಸಿದರು. ಅಪ್ಪ ಅಂಗಡಿ ನೋಡಿಕೊಳ್ಳಲು ಉಳಿದ.

ಮುಂಜಾನೆ ಮಾವ ತಾನು ಜೋಳ ಮಾರಲು ಹಾಕುತ್ತಿದ್ದ ಅಡತಿ ಅಂಗಡಿಯವರಿಂದ ಡ್ರೈವರ್ ಸಮೇತ ಜೀಪು ತಂದ. ಜೀಪು ಬದಾಮಿ ದಾರಿ ಹಿಡಿಯಲಿಲ್ಲ. ಸೀದಾ ಟಿಕೋಟಾ ಕಡೆ ತಿರುಗಿತು. ಅವ್ವ ನನ್ನ ಕೈ ಹಿಡಿದು ಕಣ್ಣು ಮುಚ್ಚಿಕೊಂಡಳು.

ಟಿಕೋಟಾ ದಾಟಿ ಬಿಜ್ಜರಗಿ ಕಡೆ ಒಂದಿಷ್ಟು ದೂರ ಹೋದ ಮೇಲೆ ಮಾವ ಜೀಪು ನಿಲ್ಲಿಸಿದ. ಎಲ್ಲರೂ ಇಳಿದು, ಅವನ ಹಿಂದೆ, ಅಲ್ಲ ಅವನ ಮುಂದೆ, ಹೊಲದ ಬದುವಿನ ಮೇಲೆ ನಡೆದೆವು. ಸುತ್ತಲೂ ತೆನೆ ಹೊತ್ತ ಬಿಳಿಜೋಳ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಹುಡುಗನ ತಾಯಿ ಸೊಂಟದ ಮೇಲೆ ಕೈ ಇಟ್ಟು, “ಗುಡ್ಡ ಎಲ್ಲಿ ಐತ್ರಿ?” ಎಂದು ಕೇಳಿದರು.

“ಅಕ್ಕಾರ, ನೀವು ಅದರ ನೆತ್ತಿ ಮ್ಯಾಲೇ ನಿಂತೀರಿ” ಎಂದ ಮಾವ.

ಆಕೆ ತಮ್ಮ ಕಾಲ ಕೆಳಗೆ ನೋಡಿಕೊಂಡರು. ನಿಜ ಹೇಳಬೇಕೆಂದರೆ ಅದೊಂದು ದಿಣ್ಣೆ. ಅಷ್ಟೂ ಅಲ್ಲ, ದಿಣ್ಣೆಯಾಗಬೇಕೆಂಬ ಆಸೆ ಇದ್ದ ಜಾಗ.

“ಹತ್ತಿದ್ದ ಗೊತ್ತಾಗಲಿಲ್ಲಲ್ರೀ” ಎಂದರು ಹುಡುಗನ ತಂದೆ.

“ಅದ ನೋಡ್ರಿ ನಮ್ಮ ಗುಡ್ಡದ ಗುಣ. ಬಂದವರಿಗೆ ತ್ರಾಸು ಕೊಡೂದಿಲ್ಲ. ನಿಮ್ಮೂರ ಗುಡ್ಡದ ಮ್ಯಾಲೆ ನಿಂತ್ರ ಏನು ಕಾಣತೈತ್ರಿ?”

“ಆಚೀಕಿನ ಗುಡ್ಡ ಕಾಣತೈತಿ.”

“ಇಲ್ಲಿ ನೋಡ್ರಿ, ನಡುವ ಏನೂ ಅಡ್ಡ ಇಲ್ಲ. ಆಕಾಶ ಮುಗಿಯೂತನಕ ಜ್ವಾಳ ಕಾಣತೈತಿ” ಎಂದು ಮಾವ ಬೆತ್ತ ಚಾಚಿ ಸುತ್ತ ಒಂದು ಸುತ್ತು ತೋರಿಸಿದ. ನಾನೂ ನೋಡಿದೆ. ಹುಟ್ಟಿದಾಗಿನಿಂದ ನೋಡುತ್ತಿದ್ದ ಬಯಲೇ ಅದು. ಆದರೆ ಅಂದು ಅವನು ತೋರಿಸಿದಾಗ ನಮ್ಮದು ಎಷ್ಟು ದೊಡ್ಡ ನೆಲ ಎನ್ನಿಸಿ ಮೈ ಜುಮ್ಮೆಂದಿತು. ಹುಡುಗ ಬಾಯಿಗೆ ಕರವಸ್ತ್ರ ಹಿಡಿದಿದ್ದ. ನಗುತ್ತಿದ್ದನೋ ಕೆಮ್ಮುತ್ತಿದ್ದನೋ ತಿಳಿಯಲಿಲ್ಲ.

‘ಗುಡ್ಡ’ ಇಳಿಯುವಾಗ ಮಾವ ಹಿಂದೆ ಹಿಂದೆ ನಡೆಯುತ್ತ ವಿವರಿಸುತ್ತಲೇ ಇದ್ದ. ಅವನ ಬೆನ್ನ ಹಿಂದೆ ಕುರಿಹಿಂಡು ಬರುತ್ತಿದ್ದುದನ್ನು ನಾವೆಲ್ಲ ಕಂಡೆವು, ಅವನೊಬ್ಬ ಕಾಣಲಿಲ್ಲ. ಹೇಳಬೇಕೆನ್ನುವಷ್ಟರಲ್ಲಿ ಅವನು ಒಂದು ಟಗರಿನ ಮೇಲೆ ಆಸೀನನಾಗಿದ್ದ. ಟಗರು ಗಾಬರಿಯಾಗಿ ಅವನನ್ನು ಹೊತ್ತುಕೊಂಡೇ ಸ್ವಲ್ಪ ದೂರ ಹೋಗಿ ಬದುವಿನ ಬದಿಗೆ ಕೆಡವಿತು. ಕುರುಬರ ಮುದುಕ ಓಡಿ ಬಂದು, “ಯಪ್ಪಾ, ದೇವರು ಕಣ್ಣು ಮುಂದ ಇಟ್ಟಾನ. ನೀವ್ಯಾಕ ಹಿಂದಕ್ಕ ನಡೀತೀರಿ?” ಎಂದ. ಮಾವ ಧೋತರ ಕೊಡವಿಕೊಂಡು ಎದ್ದು ಗೋಕಾಕದವರ ಕಡೆ ತಿರುಗಿ, “ಗುಡ್ಡ ಇಳಿಯಾಕ ನಮ್ಮ ಕಡೆ ಸವಾರಿ ವ್ಯವಸ್ಥಾನೂ ಐತ್ರಿ” ಎಂದ. ಆಗ ಹುಡುಗ ಕರವಸ್ತ್ರ ತೆಗೆದುಬಿಟ್ಟ. ನಗುತ್ತಿದ್ದ. ಅವನ ತಾಯಿ ಮಾತ್ರ ನಗಲಿಲ್ಲ.

ಅಲ್ಲಿಂದ ಹೊಳೆಗೆ. ಡೋಣಿ ಎಂದರೆ ನಮ್ಮವರ ಪ್ರಾಣ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂಬ ಗಾದೆ ಕೇಳದೆ ಬೆಳೆದ ಕೂಸು ನಮ್ಮ ಕಡೆ ಇಲ್ಲ. ಆದರೆ ಚಳಿಗಾಲದ ಆ ಹೊತ್ತಿಗೆ ಡೋಣಿಯ ಮೈಯೆಲ್ಲ ಒಣಗಿ, ನಡುವೆ ಒಂದು ಸಣ್ಣ ಧಾರೆ ಮಾತ್ರ ಹರಿಯುತ್ತಿತ್ತು. ಬಿಸಿಲಿಗೆ ದಣಿದಿದ್ದ ಹುಡುಗನ ತಂದೆ ಬೊಗಸೆಯಲ್ಲಿ ನೀರು ಮೊಗೆದು ಬಾಯಿಗೆ ಹಾಕಿಕೊಂಡವರೇ ಥೂ ಎಂದು ಉಗುಳಿದರು. ಡೋಣಿಯ ನೀರು ಉಪ್ಪು. ಇದನ್ನು ಮೊದಲೇ ಹೇಳಬೇಕಿದ್ದ ಮಾವ ಗಡ್ಡ ತುರಿಸಿಕೊಂಡ.

“ಉಪ್ಪು ಐತೇನ್ರಿ? ಕಡೀಕ ಸಮುದ್ರಕ್ಕ ಹೋಗೂದೈತಲ್ರೀ, ಈಗಿಂದ ರೂಢಿ ಮಾಡ್ಕೊಳ್ಳಾಕತ್ತೈತಿ.”

ಅವರೂ ನಕ್ಕುಬಿಟ್ಟರು. ಈಗ ನಗದೆ ಉಳಿದವರು ಇಬ್ಬರೇ, ಹುಡುಗನ ತಾಯಿ ಮತ್ತು ನನ್ನ ಅವ್ವ. ಅವ್ವ ಜೀಪಿನೊಳಗೆ ನನ್ನ ಕಿವಿಯಲ್ಲಿ, “ಮುಗೀತು ಬೇ. ಇವ ನಿನ್ನ ಸಂಬಂಧ ಡೋಣ್ಯಾಗ ಬಿಟ್ಟ” ಎಂದಳು. ನನಗೂ ಅಳು ಬಂದಿತ್ತು. ಆ ಹುಡುಗನನ್ನು ಇಡೀ ದಿನ ಇಷ್ಟು ಹತ್ತಿರದಿಂದ ನೋಡಿದ ಮೇಲೆ ಅವನು ಬೇರೆ ಯಾರ ಮನೆಗೋ ಅಳಿಯನಾಗಿ ಹೋಗುವುದನ್ನು ನೆನೆಯಲೂ ಆಗುತ್ತಿರಲಿಲ್ಲ. ಮಾವನ ಮೇಲೆ ಸಿಟ್ಟೂ ಬಂದಿತು. ಆದರೆ ಅವನ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಎಂದಾದರೂ ಯಾರಿಂದಾದರೂ ಆಗಿದೆಯೇ?

ಕೊನೆಗೆ ಗವಿ. ಬಬಲೇಶ್ವರ ದಾಟಿ ಮಾವನ ಹಳ್ಳಿಗೆ ಬಂದೆವು. ಅವನ ಮನೆಯ ಅಂಗಳದಲ್ಲಿ ನೆಲದೊಳಗೆ ಒಂದು ದುಂಡನೆಯ ಬಾಯಿ ತೆರೆದುಕೊಂಡಿತ್ತು. ನಮ್ಮ ಕಡೆಯವರಿಗೆ ಅದು ಹಗೇವು ಎಂದು ಹೇಳಬೇಕಾಗಿಲ್ಲ. ಜೋಳ ತುಂಬಿಡಲು ನೆಲದಡಿ ತೋಡಿದ ಕಣಜ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೇ ತೆರೆದು ಬಹಳ ಹೊತ್ತು ಬಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಮಾವ ಹಿಂದಿನ ದಿನವೇ ಹೇಳಿ ಕಳಿಸಿದ್ದನಂತೆ, ಅವನ ಹೆಂಡತಿ ನಸುಕಿನಲ್ಲೇ ತೆರೆಸಿಟ್ಟಿದ್ದಳು. ಮಾವ ಹಗ್ಗಕ್ಕೆ ಕಂದೀಲು ಕಟ್ಟಿ ಬಲು ಗಂಭೀರವಾಗಿ ಕೆಳಗೆ ಬಿಟ್ಟ. ದೀಪ ಆರಲಿಲ್ಲ.

“ಇದು ಗವಿ ಏನ್ರಿ? ನಮ್ಮ ಕಡೆ ಇದಕ್ಕ ಕುಣಿ ಅಂತಾರ” ಎಂದರು ಹುಡುಗನ ತಾಯಿ.

“ಹೊರಗ ನಿಂತವರಿಗೆ ಎಲ್ಲಾ ಗವೀನೂ ಕುಣೀನ ಕಾಣ್ತಾವ ಅಕ್ಕಾರ. ಒಳಗ ಇಳದು ನೋಡಬೇಕು.”

“ನಾ ಇಳೀತೀನ್ರಿ” ಎಂದ ಹುಡುಗ. ತಾಯಿ ಬೇಡ ಬೇಡ ಎನ್ನುತ್ತಿರುವಾಗಲೇ ಅವನು ಮಾವನ ಹಿಂದೆ ನಿಚ್ಚಣಿಕೆ ಇಳಿದೇಬಿಟ್ಟ. ಅರ್ಧ ಖಾಲಿಯಾಗಿದ್ದ ಹಗೇವಿನಲ್ಲಿ ಹೋದ ವರ್ಷದ ಜೋಳದ ಮೇಲೆ ಇಬ್ಬರೂ ನಿಂತರು. ಮಾವ ಒಂದು ಬುಟ್ಟಿ ಜೋಳ ತುಂಬಿ ಮೇಲೆ ಕಳಿಸಿದ. ನಾವು ಬಾಯಿಯ ಸುತ್ತ ಕೂತೆವು. ಆಮೇಲೆ ಮಾವನ ದನಿ ಕೇಳಿಸಿತು. ಜನ್ಮವೆಲ್ಲ ಹಗೇವಿಗೆ ಇಳಿದು ಹತ್ತಿದವನಿಗೆ ಒಂದು ಸಂಗತಿ ಮರೆತೇಹೋಗಿತ್ತು. ಹಗೇವಿನೊಳಗೆ ಪಿಸುಗುಟ್ಟಿದರೂ ಮೇಲೆ ಕೂತವರಿಗೆ ಸ್ಪಷ್ಟವಾಗಿ ಕೇಳುತ್ತದೆ.

“ತಮ್ಮಾ, ಮ್ಯಾಲ ನಿಮ್ಮ ಅವ್ವಾರ ಮುಂದ ಹೇಳಾಕ ನನಗ ಬಾಯಿ ಬರೂದಿಲ್ಲ. ಇಲ್ಲಿ ಹೇಳ್ತೀನಿ ಕೇಳು. ನಮ್ಮ ಕಡೆ ಗುಡ್ಡ ಇಲ್ಲ. ನನಗೇನು ಕಣ್ಣಿಲ್ಲೇನು? ಹೊಳಿ ಐತಿ, ಬಾಯಾಗ ಹಾಕ್ಕೊಳ್ಳಾಕ ಬರೂದಿಲ್ಲ. ಗವಿ ಅಂದ್ರ ಇದ, ಜ್ವಾಳದ ಹಗೇವು.”

ಹುಡುಗ ನಕ್ಕದ್ದು ಕೇಳಿಸಿತು.

“ನಗಬ್ಯಾಡಪಾ. ಈ ಹುಡುಗಿ ನಮ್ಮಲ್ಲಿ ತಲಿ ಎತ್ತಿ ಬೆಳದಾಳ. ನಾಳೆ ನಿಮ್ಮ ಮನಿಗೆ ಬಂದ್ಲಂತ ತಿಳಿ. ನಿನ್ನ ತವರಾಗ ಏನೈತಿ ಬೇ ಅಂತ ಯಾರರ ಒಬ್ರು ಅಂದ ಅಂತಾರ. ಎಲ್ಲಾ ಮನಿಯಾಗೂ ಇದ್ದದ್ದ ಅದು. ಆಗ ಆಕಿ ತಲಿ ತಗ್ಗಿಸಿ ನಿಂದರಬಾರದು. ಅಲ್ಲಿ ನಾ ಇರೂದಿಲ್ಲ, ನೀ ಇರ್ತೀ. ಐತಿ, ನಾ ನೋಡೇನಿ ಅಂತ ಒಂದು ಮಾತು ಅಂದಬಿಡು. ನನಗ ಅಷ್ಟ ಸಾಕು.”

ಮೇಲೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮುಂಜಾನೆಯಿಂದ ಯಾರಿಂದಾಗಿ ನಾಚಿಕೆಯಿಂದ ಸಾಯುತ್ತಿದ್ದೆನೋ ಆ ಮನುಷ್ಯನ ಸೋದರ ಸೊಸೆ ನಾನು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು.

ಹುಡುಗನ ತಾಯಿ ಎದ್ದು ಬುಟ್ಟಿಯ ಹತ್ತಿರ ಹೋದರು. “ಬಾ ಇಲ್ಲಿ. ಉಡಿ ಒಡ್ಡು” ಎಂದರು ನನಗೆ.

ಹೆಣ್ಣಿನ ಉಡಿ ತುಂಬುವುದೆಂದರೆ ಮಾತು ಕೊಟ್ಟಂತೆ. ಅವ್ವ ಗಡಬಡಿಸಿ, “ತಡೀರಿ ಅಕ್ಕಾರ, ಒಳಗಿಂದ ಅಕ್ಕಿ ತರತೀನಿ” ಎಂದಳು.

“ಅಕ್ಕಿ ಯಾಕ್ರಿ? ಇದನ್ನ ತೋರಸಾಕ ನಿಮ್ಮ ತಮ್ಮ ಇಷ್ಟು ದೂರ ಕರ್ಕೊಂಡು ಬಂದಾರ” ಎಂದು ಆಕೆ ಎರಡೂ ಕೈಯಿಂದ ಬುಟ್ಟಿಯ ಜೋಳ ಬಾಚಿ ನನ್ನ ಸೆರಗಿಗೆ ಸುರಿದರು. ಹಗೇವಿನ ಜೋಳದ ಆ ಮುಗ್ಗು ವಾಸನೆ ನನ್ನ ಸೀರೆಗೆಲ್ಲ ಹತ್ತಿತು.

ಅಷ್ಟರಲ್ಲಿ ನೆಲದೊಳಗಿಂದ ಮೊದಲು ಮಾವನ ರುಮಾಲು, ಆಮೇಲೆ ಮುಖ ಮೇಲೆ ಬಂತು. ನನ್ನ ತುಂಬಿದ ಉಡಿ ಕಂಡು ಅವನು ಹಾಗೇ ನಿಂತುಬಿಟ್ಟ. ಕೆಳಗಿನಿಂದ, “ಮಾವಾರ, ಸ್ವಲ್ಪ ಸರೀರಿ, ನಾನೂ ಮ್ಯಾಲ ಬರಬೇಕು” ಎಂದು ಹುಡುಗ ಕೂಗುತ್ತಿದ್ದ.

ಲಗ್ನವಾಗಿ ನಾನು ಗೋಕಾಕಕ್ಕೆ ಬಂದ ಹೊಸತು. ಒಂದು ಮಧ್ಯಾಹ್ನ ನೆರೆಮನೆಯಾಕೆ ಹೊಸ ಸೊಸೆಯನ್ನು ನೋಡಲು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತರು. ನಾನು ರೊಟ್ಟಿ ಬಡಿಯುತ್ತಿದ್ದೆ. “ವಿಜಾಪುರದಾಕಿ ಏನ? ಅಲ್ಲೇನೈತಿ ಬೇ, ಬರೇ ಬಿಸಲು, ಧೂಳಿ” ಎಂದರು ಆಕೆ. ಮಾವ ಅಂದಂತೆಯೇ ಆ ಮಾತು ಬಂದಿತ್ತು. ನನ್ನ ಗಂಡ ಶಾಲೆಗೆ ಹೋಗಿದ್ದ. ನಾನು ತಲೆ ತಗ್ಗಿಸಿ ಇನ್ನೊಂದು ಉಂಡೆ ಹಿಟ್ಟು ತಟ್ಟತೊಡಗಿದೆ.

ಒಲೆಯ ಮುಂದೆ ಕೂತಿದ್ದ ನನ್ನ ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. ಆಮೇಲೆ ಆಕೆಯ ಕಡೆ ಹೊರಳಿ, “ಗುಡ್ಡ ಐತಿ, ಗವಿ ಐತಿ, ಹೊಳಿ ಐತಿ. ನಾನ ಹೋಗಿ ನೋಡಿ ಬಂದೇನಿ. ನೀ ಏನ ನೋಡೀದಿ?” ಎಂದರು.