ವಿಶ್ವನಾಥನ ಎರಡನೇ ಮಾನಿಟರ್

ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ವಿಶ್ವನಾಥನದು ಸುಮ್ಮನಿರುವ ಬಾಯಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಮ್ಯಾನೇಜರ್ ಶಂಕರನಾರಾಯಣರು ಹಾಲಿಗೆ ಬಂದು, "ವಲಯದ ಸಾಹೇಬರು ನಾಲ್ಕಕ್ಕೆ ಬರ್ತಾರಂತೆ. ವರ್ಗಾವಣೆ ಪಟ್ಟಿ ಇಲ್ಲೇ ಕೂತು ಮುಗಿಸ್ತಾರಂತೆ. ಒಂದೇ ಕಂಪ್ಯೂಟರಿಗೆ ಎರಡು ಮಾನಿಟರ್ ಬೇಕಂತೆ. ಯಾರಿಗ್ರೀ ಬರತ್ತೆ ಇದು?" ಎಂದದ್ದೇ ತಡ, "ನಾನ್ ಮಾಡ್ತೀನಿ ಸಾರ್" ಎಂದುಬಿಟ್ಟ.

ಅವನಿಗೆ ಬರುತ್ತಿತ್ತೇ? ಎಲ್ಲಿಯ ಮಾತು! ಚೆನ್ನೈನ ಗಿಂಡಿಯ ಆ ವಿಮಾ ಕಚೇರಿಗೆ ಕಂಪ್ಯೂಟರ್ ಬಂದು ಮೂರು ವರ್ಷವಾದರೂ ಅದರ ಹೊಟ್ಟೆ ಬಿಚ್ಚಿ ನೋಡಿದವನಲ್ಲ. ಆದರೆ ಅವನ ಹೆಂಡತಿ ಜಲಜಾ ಮೈಸೂರಿನಲ್ಲಿ ಸ್ಕೂಲ್ ಟೀಚರು. ಇವನು ಆರು ವರ್ಷದಿಂದ ಪೆರಂಬೂರಿನ ಒಂಟಿ ಕೋಣೆಯಲ್ಲಿ ಮೆಸ್ಸಿನ ಸಾಂಬಾರು ಉಣ್ಣುತ್ತಾ, ವರ್ಷಕ್ಕೊಮ್ಮೆ 'ಮೈಸೂರಿಗೆ ಹಾಕಿ' ಎಂದು ಅರ್ಜಿ ಗುಜರಾಯಿಸುತ್ತಾ ಬಿದ್ದಿದ್ದ. ವಾರಕ್ಕೊಮ್ಮೆ ಮಾಡುವ ಫೋನಿನಲ್ಲಿ ಮೊನ್ನೆ ಮಗಳು ಪ್ರಣಮ್ಯಾ, "ಅಮ್ಮಾ, ಭಾನುವಾರದ ಅಪ್ಪ!" ಎಂದು ಕೂಗಿ ರಿಸೀವರ್ ಕೊಟ್ಟಿದ್ದಳು. ಸಾಹೇಬರನ್ನು ಮೆಚ್ಚಿಸಿದರೆ ಈ ಸಲವಾದರೂ ಮೈಸೂರು ಸಿಕ್ಕೀತೆಂಬ ಆಸೆ.

ಸಾಹೇಬರಿಗೆ ಎರಡು ಪರದೆ ಯಾಕೆಂದರೆ, ಅವರ ಪಟ್ಟಿ ಅಷ್ಟು ಅಗಲ. ಎಡತುದಿಯಲ್ಲಿ ಹೆಸರು, ಬಲತುದಿಯಲ್ಲಿ ಊರು. ಊರು ನೋಡಲು ಸರಿಸಿದರೆ ಹೆಸರು ಮಾಯ. ಹೋದ ವರ್ಷ ಒಂದು ಸಾಲು ತಪ್ಪಿ, ಸೇಲಂ ಕೇಳಿದವನನ್ನು ಹುಬ್ಬಳ್ಳಿಗೆ ಕಳಿಸಿದ್ದರು. ಆ ಪುಣ್ಯಾತ್ಮ ಇನ್ನೂ ಅಲ್ಲೇ ಇದ್ದಾನೆ.

ಸಾಹೇಬರೇ ಹೊಸ ಮಾನಿಟರಿನ ಜೊತೆ ಕೊರಿಯರಿನಲ್ಲಿ ಕಳಿಸಿದ್ದ, ಅದನ್ನು ನಡೆಸುವ ಗ್ರಾಫಿಕ್ಸ್ ಕಾರ್ಡನ್ನು ಹಿಡಿದು ವಿಶ್ವನಾಥ ಕಂಪ್ಯೂಟರಿನ ಮುಚ್ಚಳ ತೆಗೆದ. ಕಾರ್ಡು ಕೂರುವ ಸಂದು ಕಂಡಿತು. ಕಾರ್ಡು ಮಾತ್ರ ಕೂರಲೊಲ್ಲದು.

"ಜೋರಾಗಿ ಒತ್ರೀ, ಬೆಳಿಗ್ಗೆ ತಿಂಡಿ ತಿಂದಿಲ್ವೇ?" ಎಂದರು ಮ್ಯಾನೇಜರು.

"ಅಯ್ಯೋ, ಮುರಿದೀತು! ಮೊದಲು ಬೆಳಕು ಹಿಡೀರಿ," ಎಂದಳು ಪಕ್ಕದ ಮೇಜಿನ ರತ್ನಾವತಿ.

ಟಾರ್ಚ್ ಹಿಡಿದು ನೋಡಿದರೆ ಸಂದಿನ ತುಂಬ ಒಣಗಿದ ಗಂಧ, ಮೇಲೆ ಕುಂಕುಮ! ಎಲ್ಲರೂ ಅಟೆಂಡರ್ ಶೀನನ ಕಡೆ ತಿರುಗಿದರು. ಐವತ್ತು ದಾಟಿದ ಶೀನ ಕುಂದಾಪುರದ ಕಡೆಯವನು, ದೈವಭಕ್ತ.

"ಹೋದ ವಾರ ಆಯುಧಪೂಜೆ ಅಲ್ವಾ ಮಾರಾಯ್ರೆ? ಹೊರಗೆ ಮಾತ್ರ ಹಚ್ಚಿದ್ರೆ ದೇವರಿಗೆ ಸಲ್ಲುತ್ತದಾ? ಒಳಗೂ ಹಚ್ಚಿದೆ. ಅಲ್ಲೊಂದು ಉದ್ದ ಜಾಗ ಖಾಲಿ ಇತ್ತು, ಗಂಧ ಲಾಯ್ಕಾಗಿ ಕೂತಿತು," ಎಂದ.

ರತ್ನಾವತಿಯ ಹೇರ್‌ಪಿನ್ನಿನಿಂದ ಕೆರೆದು ಕೆರೆದು ಗಂಧ ತೆಗೆಯುವಷ್ಟರಲ್ಲಿ ಊಟದ ಹೊತ್ತು ಮೀರಿತು. ಕೊನೆಗೂ ಕಾರ್ಡು ಕೂತಿತು. ಅದಕ್ಕೆ ಹೊಸ ಮಾನಿಟರ್ ಸಿಕ್ಕಿಸಿ ಸ್ವಿಚ್ ಹಾಕಿದ. ಹೊಸದು ಝಗ್ಗೆಂದು ಹೊತ್ತಿತು. ಹಳೆಯದು ಕಪ್ಪಾಯಿತು.

"ಎರಡಾಗೋದು ಹೋಗಿ ಮತ್ತೆ ಒಂದೇ ಆಯ್ತಲ್ರೀ!" ಎಂದರು ಮ್ಯಾನೇಜರು.

"ಮನೆಗೆ ಸೊಸೆ ಬಂದ್ಳು ಅಂತ ಅತ್ತೆ ಮುಸುಕು ಹಾಕಿ ಮಲಗಿದಾಳೆ ಸಾರ್," ಎಂದಳು ರತ್ನಾವತಿ.

ಕಾರ್ಡು ಕಿತ್ತರೆ ಹಳೆಯದು ಏಳುತ್ತದೆ, ಹಾಕಿದರೆ ಮಲಗುತ್ತದೆ. ಗಂಟೆ ಮೂರಾಯಿತು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ವಿಶ್ವನಾಥ ರಿಚಿ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಯ ಅಜಿತ್‌ಗೆ ಫೋನ್ ಹಚ್ಚಿದ.

"ಅದು ಹಂಗೇ ಸಾರ್," ಎಂದ ಅಜಿತ್. "ಹೊಸ ಕಾರ್ಡ್ ಬಂದ್ರೆ ಬೋರ್ಡಲ್ಲೇ ಇರೋ ಹಳೇದು ತಾನಾಗೇ ಆಫ್ ಆಗತ್ತೆ. ಆನ್ ಮಾಡೋವಾಗ ಡಿಲೀಟ್ ಕೀ ಒತ್ತಿ, ಒಳಗಿನ ಸೆಟ್ಟಿಂಗ್ ಇರೋ ಬಯಾಸ್‌ಗೆ ಹೋಗಿ. ಅಲ್ಲಿ ಆನ್‌ಬೋರ್ಡ್ ಡಿಸ್‌ಪ್ಲೇ ಅಂತ ಇರತ್ತೆ, ಅದನ್ನ ಎಬ್ಬಿಸಿ."

ವಿಶ್ವನಾಥ ಬೆರಳು ಚಾಚಿದ್ದೇ ಮ್ಯಾನೇಜರು ಅವನ ಕೈ ಗಪ್ಪನೆ ಹಿಡಿದರು. "ಡಿಲೀಟ್ ಒತ್ತಬೇಡ್ರೀ! ಪಾಲಿಸಿಗಳೆಲ್ಲ ಅಳಿಸಿ ಹೋದ್ರೆ ಜನ ನನ್ನ ಮನೆಗೆ ಬರ್ತಾರೆ!"

ಅವರನ್ನು ಸಮಾಧಾನ ಮಾಡಲು ಇನ್ನೊಂದು ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ಅವರು ಕಣ್ಣುಮುಚ್ಚಿ ಮಂತ್ರಾಲಯದ ರಾಯರನ್ನು ನೆನೆಯುತ್ತಿದ್ದಾಗ ವಿಶ್ವನಾಥ ಒತ್ತಿಯೇಬಿಟ್ಟ; ಅಜಿತ್ ಹೇಳಿದ್ದನ್ನು ಹುಡುಕಿ ಎಬ್ಬಿಸಿದ. ಎರಡೂ ಪರದೆ ಹೊತ್ತಿದವು! ಆದರೆ ಮೌಸನ್ನು ಬಲಕ್ಕೆ ಎಳೆದರೆ ಬಾಣದ ಗುರುತು ಎಡಗಡೆಯ ಮಾನಿಟರಿನಲ್ಲಿ ಏಳುತ್ತಿತ್ತು. ಸರಿಪಡಿಸುವ ದಾರಿ ತಿಳಿಯಲಿಲ್ಲ. ಶೀನನನ್ನು ಕರೆದು ಮಾನಿಟರುಗಳನ್ನೇ ಎತ್ತಿ ಅದಲುಬದಲು ಇಡಿಸಿದ. ಸರಿಹೋಯಿತು.

ನಾಲ್ಕಕ್ಕೆ ಸರಿಯಾಗಿ ಸಾಹೇಬರಾದ ಕೃಷ್ಣಮೂರ್ತಿ ಬಂದರು. ನಮ್ಮ ಕನ್ನಡದವರೇ, ಆದರೆ ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದು ಕನ್ನಡಕ್ಕೆ ತಮಿಳಿನ ಒಗ್ಗರಣೆ ಬಿದ್ದಿತ್ತು. ಪಟ್ಟಿ ತೆರೆದರು. ಹಿಂದೆ ನಿಂತಿದ್ದ ವಿಶ್ವನಾಥನ ಕಣ್ಣು ಎಡ ಪರದೆಯಲ್ಲಿ ತನ್ನ ಹೆಸರು ಹಿಡಿಯಿತು. ಅದೇ ಸಾಲು ಹಿಡಿದು ಬಲ ಪರದೆಗೆ ದಾಟಿತು. ಮೈಸೂರು! ಅವನಿಗೆ ಅಲ್ಲೇ ಕುಣಿಯಬೇಕೆನಿಸಿತು.

"ರೊಂಬ ಚೆನ್ನಾಗಿದೆ ಪಾ! ಯಾರು ಮಾಡಿದ್ದು?" ಎಂದರು ಸಾಹೇಬರು.

"ನಮ್ಮ ವಿಶ್ವನಾಥ ಸಾರ್," ಎಂದರು ಮ್ಯಾನೇಜರು.

"ಅಯ್ಯಯ್ಯೋ! ಇಂಥವರನ್ನಾ ನಾನು ಮೈಸೂರಿಗೆ ಹಾಕಿರೋದು? ಇಲ್ಲಿ ಇವರಿಂದ ವಿಶೇಷ ಉಪಯೋಗ ಇಲ್ಲ ಅಂತ ಮ್ಯಾನೇಜರ್ ನೀವೇ ತಾನೇ ಬರೆದು ಕಳಿಸಿದ್ರಿ? ನಮ್ಮ ಹದಿನೆಂಟು ಕಚೇರಿಗೂ ಇವರೇ ಹೀಗೆ ಮಾಡಿಕೊಡ್ಬೇಕು. ವಿಶ್ವನಾಥ್, ನನಗೆ ಟೈಪಿಂಗ್ ಶರಿಯಾಗಿ ಬರಲ್ಲ, ನೀವೇ ಕೂತ್ಕೊಳ್ಳಿ. ಆ ಮೈಸೂರು ತೆಗೆದು ಚೆನ್ನೈ ಅಂತ ಹಾಕಿ."

"ಸಾರ್, ನನ್ನ ಹೆಂಡತಿ ಮೈಸೂರಲ್ಲಿ..."

"ಅವರಿಗೂ ಹೇಳಿ, ಸಂತೋಷಪಡ್ತಾರೆ!"

ವಿಶ್ವನಾಥ ತನ್ನ ಕೈಯಾರೆ ಮೈಸೂರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಕಣ್ಣು ಮಂಜಾಗಿ ಎರಡು ಪರದೆ ನಾಲ್ಕಾಗಿ ಕಂಡವು.

"ಈಗ ಮೈಸೂರಿನ ಸೀಟು ಖಾಲಿ ಆಯ್ತಲ್ಲ," ಸಾಹೇಬರು ಗಲ್ಲ ಕೆರೆದುಕೊಂಡರು. "ಕಂಪ್ಯೂಟರಿನ ಗಂಧಗಾಳಿ ಇಲ್ಲದೋರು ಯಾರಾದ್ರೂ ಇದ್ರೆ ಹೇಳಿ."

ಮ್ಯಾನೇಜರು ಸೊಂಟ ಬಗ್ಗಿಸಿ ಮುಂದೆ ಬಂದರು. "ನಾನೇ ಇದೀನಲ್ಲ ಸಾರ್. ಸ್ವಿಚ್ ಎಲ್ಲಿದೆ ಅಂತಲೂ ಗೊತ್ತಿಲ್ಲ."

"ಶರಿ. ಹಾಕಿ ವಿಶ್ವನಾಥ್."

ವಿಶ್ವನಾಥ ಎಡ ಪರದೆಯಲ್ಲಿ 'ಶಂಕರನಾರಾಯಣ' ಹುಡುಕಿ, ಬಲ ಪರದೆಯಲ್ಲಿ 'ಮೈಸೂರು' ಹೊಡೆದ. ಸಾಹೇಬರು ಕಾಫಿ ಕುಡಿಯಲು ಎದ್ದು ಹೋದ ಮೇಲೆ ಮ್ಯಾನೇಜರು ಅವನ ಕಿವಿಯ ಹತ್ತಿರ ಬಗ್ಗಿದರು.

"ಬೇಜಾರು ಮಾಡ್ಕೋಬೇಡ್ರೀ. ಅಂದಹಾಗೆ, ನಿಮ್ಮ ಜಲಜಮ್ಮನವರ ಮನೆ ಹತ್ರ ನಮಗೊಂದು ಬಾಡಿಗೆ ಮನೆ ಸಿಗತ್ತಾ, ಸ್ವಲ್ಪ ಕೇಳಿ ನೋಡ್ತೀರಾ?"